ನಕೋ ಅಂದವರಿಗೆ ನಾಕು ರೊಟ್ಟಿ

ಮೊನ್ನೆ ಖಾನಾಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ಮೊದಲ ಮಾತು ಆಡಿದಳು. ಹಾಲು-ಅನ್ನದ ಚಮಚ ಬಾಯಿಗೆ ಒಯ್ದರೆ ಮುಖ ತಿರುಗಿಸಿ "ನಕೋ!" ಅಂದುಬಿಟ್ಟಳು. ಬೇಡ ಅನ್ನುವುದಕ್ಕೆ ಮರಾಠಿ ಮಾತು ಅದು. ನನಗೆ ಸಂತೋಷ ತಡೆಯದೆ ಕಣ್ಣಲ್ಲಿ ನೀರೇ ಬಂತು. ಸೊಸೆ ಗಾಬರಿಯಾದಳು. ಈ ಮನೆ ಶುರುವಾದದ್ದೇ ಆ ಮಾತಿನಿಂದ ಅಂತ ಅವಳಿಗೇನು ಗೊತ್ತು! ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಬರೆಯದೆ ಇರಲಾರೆ.

ಬಾಂಗ್ಲಾ ಯುದ್ಧಕ್ಕೆ ಮುಂಚಿನ ಬೇಸಿಗೆ. ನನ್ನ ಸೋದರತ್ತೆ ಬೆಳಗಾವಿಯ ವಡಗಾವಿಯಲ್ಲಿ ನೇಕಾರರಿಗೆ ಖೋಲಿ ಬಾಡಿಗೆ ಕೊಟ್ಟು, ಊಟವನ್ನೂ ಹಾಕುತ್ತಿದ್ದಳು. ಹೊರಗೆ ಮಗ್ಗದ ಸಪ್ಪಳ, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅವಳೊಬ್ಬಳ ಕೈ ಸಾಲದೆ ನನ್ನನ್ನು ಸವದತ್ತಿ ಕಡೆಯ ನಮ್ಮೂರಿಂದ ಕರೆಸಿಕೊಂಡಳು. ಅಲ್ಲಿಯತನಕ ಮರಾಠಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಆಗಲೇ ಖಾನಾಪುರದಿಂದ ಮಗ್ಗದ ಕೆಲಸಕ್ಕೆ ಹೊಸಬರೊಬ್ಬರು ಬಂದರು. ಕಡ್ಡಿಯಂಥ ಮೈ. ಅನ್ನ ಉಂಡು ಬೆಳೆದವರು, ಕನ್ನಡ ಬಾರದು. ಮೊದಲ ದಿನ ಎರಡು ಜೋಳದ ರೊಟ್ಟಿ ಹಾಕಿ ಇನ್ನೊಂದು ಎತ್ತಿದೆ. ಅವರು "ನಕೋ, ನಕೋ" ಅಂದರು. ನನಗೆ ಕೇಳಿಸಿದ್ದು "ನಾಕು, ನಾಕು". ಪಾಪ, ಎಷ್ಟು ಹಸಿದಿದ್ದಾರೋ ಅಂತ ನಾಲ್ಕು ಪೂರ್ತಿ ಮಾಡಿದೆ. ಅವರು ನನ್ನನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿ ನಾಲ್ಕನ್ನೂ ಉಂಡರು. ಮರುದಿನವೂ ಅಷ್ಟೇ.

ಕಡೆಗೊಮ್ಮೆ ಅತ್ತೆ ನೋಡಿದಳು. ನಕ್ಕೂ ನಕ್ಕೂ ಕೆಮ್ಮಿದಳು.

"ಏ ಹುಚ್ಚಿ, ನಕೋ ಅಂದ್ರ ಬ್ಯಾಡ ಅಂತ! ಅವ ಬ್ಯಾಡ ಅಂದಷ್ಟೂ ಹಾಕಾಕತ್ತೀಯಲ್ಲ!"

ನಾಚಿಕೆಯಿಂದ ನಾನು ಒಲೆಯ ಕಡೆ ತಿರುಗಿ ಕುಳಿತೆ. ಅವರು ಅತ್ತೆಯ ಜೊತೆ ಮರಾಠಿಯಲ್ಲಿ ಏನೋ ಮಾತಾಡಿದರು.

"ಫೌಜಿಗೆ ಹೋಗಬೇಕಂತ. ತೂಕ ಕಮ್ಮಿ ಅಂತ ಹೊಳ್ಳಿ ಕಳಸ್ಯಾರಂತ. ನಾಕು ಹಾಕೂದು ಬಿಡಬ್ಯಾಡ ಅಂತಾನ," ಅಂದಳು ಅತ್ತೆ.

ಅವತ್ತಿನಿಂದ ಅದೇ ಆಟ. ಅವರು ನಗುತ್ತ "ನಕೋ" ಅನ್ನುವುದು, ನಾನು "ನಾಕು" ಅಂತ ಹಾಕುವುದು. ಅವರ ಕೆನ್ನೆ ತುಂಬಿತು. ಚಹಾದಂಗಡಿಯ ರೇಡಿಯೋದಲ್ಲಿ ಯುದ್ಧದ ಮಾತು ಹೆಚ್ಚಾಯಿತು. ಆಗ ಹೊಳೆಯಿತು ನನಗೆ: ನಾನು ಹಾಕುವ ಒಂದೊಂದು ರೊಟ್ಟಿಯೂ ಅವರನ್ನು ದೂರ ಕಳಿಸುತ್ತಿದೆ. ಆದರೂ ಕಡಿಮೆ ಹಾಕಲು ಕೈ ಬರಲಿಲ್ಲ. ಇವರ ತೂಕ ಏರಲಿ, ಇವರು ಇಲ್ಲೇ ಇರಲಿ ಅಂತ ಬಸವಣ್ಣನಲ್ಲಿ ಎರಡನ್ನೂ ಒಟ್ಟಿಗೇ ಬೇಡಿದೆ.

ಫೌಜಿನ ಭರ್ತಿಯ ದಿನ ಬೆಳಿಗ್ಗೆಯೇ ಅವರು ಕ್ಯಾಂಪಿನ ಕಡೆ ನಡೆದು ಹೋದರು.

"ರೊಟ್ಟಿ ಹೊತ್ತಾಕತ್ತೈತಿ, ಎಲ್ಲದಿ ನೀ?" ಅಂತ ಅತ್ತೆ ದಿನವೆಲ್ಲ ಬೈದಳು.

ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು ತಿರುಗಿ ಬಂದರು. ತೂಕ ಸರಿಯಿತ್ತಂತೆ, ಎದೆಯೂ ಸರಿಯಿತ್ತಂತೆ. ಪಾದದ ನಡುವೆ ತಗ್ಗಿಲ್ಲ ಅಂತ ಬೇಡ ಅಂದರಂತೆ.

"ಮಗ್ಗ ತುಳದ ತುಳದ ಪಾದ ಸಪಾಟ ಆಗ್ಯಾವಲೇ!" ಅಂದ ಖೋಲಿಯ ಜೊತೆಗಾರ. "ಸರ್ಕಾರಕ್ಕ ಬ್ಯಾಡಾದ್ರ ಮಗ್ಗಕ್ಕ ಬೇಕು, ಬಿಡು!"

ಎಲ್ಲರೂ ನಕ್ಕರು. ಅವರು ನಗಲಿಲ್ಲ, ಕೈ ತೊಳೆದು ಊಟಕ್ಕೆ ಕುಳಿತರು. ಇನ್ನು ತೂಕದ ಗೊಡವೆ ಯಾಕೆ ಅಂತ ನಾನು ಎರಡೇ ರೊಟ್ಟಿ ಹಾಕಿ ಹಿಂದೆ ಸರಿದೆ. ಅವರು ತಾಟನ್ನೇ ನೋಡಿದರು. ಆಮೇಲೆ ತಲೆಯೆತ್ತಿ, ಅಚ್ಚ ಕನ್ನಡದಲ್ಲಿ ಅಂದರು:

"ನಾಕು."

ಅತ್ತೆ ಒಲೆಯ ಮುಂದಿನಿಂದಲೇ ನನಗೆ ಕೂಗಿ ಹೇಳಿದಳು: "ಅವನ ಕೊರಳಾಗ ನಮ್ಹಂಗ ಲಿಂಗ ಮೊದಲ ಐತಿ, ಬಾಯಾಗ ಕನ್ನಡನೂ ಬಂತು. ನಿಮ್ಮಪ್ಪಗ ಹೇಳಿ ಕಳಸ್ತೀನಿ ತಡಿ!"

ಚಳಿಗಾಲದಲ್ಲಿ ಯುದ್ಧ ಶುರುವಾಗಿ, ವಿಮಾನಕ್ಕೆ ಬೆಳಕು ಕಾಣದಿರಲೆಂದು ಖೋಲಿಯ ಕಿಟಕಿಗೆಲ್ಲ ಕರಿ ಕಾಗದ ಅಂಟಿಸುವಾಗ ನನ್ನ ಕೊರಳಲ್ಲಿ ತಾಳಿಯಿತ್ತು. ಕಾಗದ ಹಿಡಿದವರು ಅವರು, ಅಂಟು ಹಚ್ಚಿದವಳು ನಾನು.

ಮೊನ್ನೆಯೂ ಅವರು ಬಾಜೂಕ್ಕೇ ಕುಳಿತಿದ್ದರು. ಮೊಮ್ಮಗಳ "ನಕೋ" ಕೇಳಿದ್ದೇ ತಡ, "ಹಾಕು ಹಾಕು, ನಿನಗ ಅದು ನಾಕು ಅಂತನ ಕೇಳಸ್ತೈತಿ," ಅಂದರು. ಹಾಕಿದೆ. ಮೂರು ಚಮಚ ಉಂಡು, ನಾಲ್ಕನೆಯದನ್ನು ಅವಳು ಅಜ್ಜನ ಅಂಗಿಯ ಮೇಲೆ ಉಗುಳಿದಳು.