ಏಕಾದಶಿ ಮಾಡಿದ ಮೀನುಗಳು

ನಾನು ದೇವದುರ್ಗದಿಂದ ರಾಯಚೂರಿಗೆ ಸೊಸೆಯಾಗಿ ಬಂದ ಮರುವರ್ಷ ನಮ್ಮ ಮನೆಗೆ ಮೀನುಗಳು ಬಂದವು. ತಿನ್ನುವುದಕ್ಕಲ್ಲ. ನಾವು ವೈಷ್ಣವರು, ಈರುಳ್ಳಿಯನ್ನೇ ಅಡುಗೆಮನೆಯ ಹೊಸ್ತಿಲಾಚೆ ನಿಲ್ಲಿಸುವ ಮಂದಿ. ನಮ್ಮ ಮಾವನವರು ವಕೀಲರು. ಅವರ ವಕಾಲತ್ತಿನಿಂದ ವ್ಯಾಜ್ಯ ಗೆದ್ದ ಹೈದರಾಬಾದಿನ ಜಹಗೀರದಾರರೊಬ್ಬರು ಖುಷಿಗೆಂದು ಒಂದು ಗಾಜಿನ ತೊಟ್ಟಿಯನ್ನೂ ಅದರಲ್ಲಿ ಬಿಡಲು ನಾಲ್ಕು ಕೇಸರಿ ಬಣ್ಣದ ಮೀನುಗಳನ್ನೂ ಕಳಿಸಿದ್ದರು. ತಂದ ಆಳು ಒಂದು ಡಬ್ಬಿ ಪುಡಿ ಕೊಟ್ಟು, ದಿನಕ್ಕೆ ಒಂದು ಚಿಟಿಕೆ ಹಾಕಿರೆಂದು ಉರ್ದುವಿನಲ್ಲಿ ಹೇಳಿ ರೈಲು ಹತ್ತಿದ.

ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ದೇವರ ಮನಿ ಇರೋ ಮನ್ಯಾಗ ಮೀನ ತಂದು ಇಡ್ತೀರೇನ್ರಿ?"

"ದೇವರು ಎಲ್ಲಾಕಿಂತ ಮೊದಲು ಮೀನಾಗೇ ಬಂದಾನ," ಎಂದರು ಮಾವನವರು. "ಅವಂಗಿಲ್ಲದ ಮಡಿ ನಿನಗ್ಯಾಕ?"

ವಕೀಲರ ಜೊತೆ ಸಂಸಾರ ಮಾಡುವವರಿಗೆ ಇಂಥ ಸೋಲು ಹೊಸದಲ್ಲ. ತೊಟ್ಟಿ ಪಡಸಾಲೆಯಲ್ಲಿ, ಕಕ್ಷಿಗಾರರ ಕಣ್ಣಿಗೆ ಬೀಳುವಂತೆ ಕೂತಿತು.

ಪುಡಿ ಬೇಗ ಮುಗಿಯಿತು. ಯುದ್ಧದ ಕಾಲ; ಮನುಷ್ಯರಿಗೇ ಸಕ್ಕರೆ ಸಿಗದ ಊರಿನಲ್ಲಿ ಮೀನಿನ ಪುಡಿ ಯಾರು ಮಾರುತ್ತಾರೆ? ಹಾಗಾಗಿ ಮನೆಯವರೆಲ್ಲ ತಮತಮಗೆ ತೋಚಿದ್ದನ್ನು ಹಾಕತೊಡಗಿದರು. ಮಾವನವರು ಕಕ್ಷಿಗಾರರ ಮುಂದೆ ಕೋಡಬಳೆ ಮುರಿದು ಹಾಕಿ, "ನೋಡ್ರಿ ಹ್ಯಾಂಗ ಬರ್ತಾವ!" ಎನ್ನುತ್ತಿದ್ದರು. ಅತ್ತೆಯವರದು ಮೊದಲು ಅಸಹ್ಯ, ಆಮೇಲೆ ಭಕ್ತಿ. ಮತ್ಸ್ಯಾವತಾರದ ಮಾತು ತಲೆಗೆ ಹತ್ತಿದ್ದೇ ತಡ, ನೈವೇದ್ಯದ ಹುಗ್ಗಿ, ಒಗ್ಗರಣೆ ಅವಲಕ್ಕಿ, ತುಪ್ಪ ಹಚ್ಚಿದ ಹೋಳಿಗೆಯ ಚೂರು, ಎಲ್ಲವೂ ನೀರಿಗೆ. ನೀರಿನ ಮೇಲೆ ಎಣ್ಣೆಯ ಪದರ ಕಟ್ಟಿತು, ಸಾಸಿವೆ ತಳ ಸೇರಿತು. ಅದನ್ನೆಲ್ಲ ತೊಳೆಯುವವಳು ನಾನು. ಆ ನೀರು ತುಳಸಿಗೆ ಬೇಡವೆಂದು ಅಪ್ಪಣೆಯಾಗಿತ್ತು, ಬಾಳೆಗಿಡಕ್ಕೆ ಸುರಿದೆ. ಆ ವರ್ಷ ಬಾಳೆಗೊನೆ ಬಂದಂತೆ ಮತ್ತೆಂದೂ ಬರಲಿಲ್ಲ.

ಒಂದು ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅತ್ತೆಯವರು ತಲೆಮೇಲೆ ನೀರು ಹೊಯ್ದುಕೊಂಡು ಬಂದು, "ಸೂತಕ ಹಿಡಿಬೇಕೇನ್ರಿ?" ಎಂದು ಕೇಳಿದರು.

"ಅದರ ಗೋತ್ರ ಯಾವುದಂತ ತಿಳ್ಕೊಂಡು ಬಾ, ಹಿಡಿಯೋಣಂತ," ಎಂದರು ಮಾವನವರು. ಆದರೆ ಅಂದು ಅವರು ಕೋಡಬಳೆ ತಿನ್ನಲಿಲ್ಲ.

ಇನ್ನೊಂದು ಮೀನು ಆಗಲೇ ಒಂದು ಪಕ್ಕಕ್ಕೆ ವಾಲಿತ್ತು. ಅದರ ಹೊಟ್ಟೆ ಕಡುಬಿನಂತೆ ಉಬ್ಬಿತ್ತು. ಅಷ್ಟರಲ್ಲಿ ಏಕಾದಶಿ ಬಂತು. "ನಮ್ಮನ್ಯಾಗ ಇರೋರೆಲ್ಲಾ ಉಪಾಸ," ಎಂದು ಅತ್ತೆಯವರು ತೊಟ್ಟಿಯ ಮೇಲೆ ಒದ್ದೆ ಪಂಚೆ ಹಾಸಿಬಿಟ್ಟರು. ದ್ವಾದಶಿಯ ಬೆಳಿಗ್ಗೆ ಪಂಚೆ ತೆಗೆದರೆ, ವಾಲಿದ್ದ ಮೀನು ನೆಟ್ಟಗಾಗಿ ಈಜುತ್ತಿದೆ!

"ಹರಿ ಕಣ್ಣು ತೆರೆದ!" ಎಂದು ಅತ್ತೆಯವರು ಗಾಜಿಗೇ ಕೈ ಮುಗಿದರು. ಹರಿಯ ಪಾಲು ಎಷ್ಟೋ ನಾನರಿಯೆ. ಅದರ ಹೊಟ್ಟೆಗೆ ನಮ್ಮಿಂದ ಒಂದು ದಿನ ಬಿಡುವು ಸಿಕ್ಕಿತ್ತು, ಅದಷ್ಟು ನನಗೆ ಗೊತ್ತಾಯಿತು.

ಅಂದಿನಿಂದ ಮೀನುಗಳ ಅಡುಗೆಯನ್ನು ನಾನೇ ಕೇಳಿ ವಹಿಸಿಕೊಂಡೆ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ರಾಜಗಿರಿ ಎಲೆಯನ್ನು ಕುದಿಸಿ ಸಣ್ಣಗೆ ಹೆಚ್ಚುತ್ತಿದ್ದೆ. ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಬೆರಳಲ್ಲಿ ಹಿಚುಕುತ್ತಿದ್ದೆ. ಹಸಿ ತೊಗರಿಕಾಯಿ ಬಂದ ದಿನ ಕಾಳಿನ ಸಿಪ್ಪೆ ಸುಲಿದು ಹಾಕುತ್ತಿದ್ದೆ. ಒಂದು ದಿನ ಹಾಕಿದ್ದು ಮರುದಿನವಿಲ್ಲ. ಹಾಕಿದ್ದನ್ನು ತಿಂದು ಮುಗಿಸದಿದ್ದರೆ ಉಳಿದದ್ದನ್ನು ಚಮಚದಿಂದ ಎತ್ತಿಬಿಡುತ್ತಿದ್ದೆ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಕೂರುವ ಸೊಸೆ ನಾನು; ನನಗೆ ಏನು ಸೇರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಮೀನಿಗೆ ಏನು ಸೇರುತ್ತದೆ ಎಂದು ಮಾತ್ರ ದಿನಾ ಪಂಚಾಯಿತಿ ಕೂಡುತ್ತಿತ್ತು.

ನೀರು ತಿಳಿಯಾಯಿತು, ಮತ್ತೆ ಯಾವ ಮೀನೂ ಸಾಯಲಿಲ್ಲ. ಆದರೂ ಅವುಗಳ ಬಣ್ಣ ತೊಳೆದ ಸೀರೆಯಂತೆ ಮಾಸುತ್ತಿತ್ತು.

ಆಗ ಮಾನ್ವಿಯಿಂದ ದೊಡ್ಡತ್ತೆ ಬಂದರು. ಮಾವನವರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ ಕೆಂಪು ಸೀರೆ ಉಟ್ಟವರು. ಒಪ್ಪೊತ್ತಿನ ಊಟ, ಏಕಾದಶಿಗೆ ಹನಿ ನೀರೂ ಇಲ್ಲ. ಇಷ್ಟೊಂದು ಮಡಿಯ ಮೈಯಲ್ಲಿ ಅಷ್ಟೊಂದು ಹರಿತವಾದ ನಾಲಿಗೆಯನ್ನು ದೇವರು ಯಾಕಿಟ್ಟನೋ! ಅವರು ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿ, ನನ್ನನ್ನು ಕರೆದರು.

"ಏನ ಹಾಕ್ತೀಯವ್ವಾ ಇವಕ್ಕ?"

ಹೇಳಿದೆ.

"ಇದು ನನ್ನ ಊಟ ಆತು. ಮೀನಿಂದಲ್ಲ. ಹಿತ್ತಲ ಕಲ್ಲಿನ ದೋಣ್ಯಾಗ ನಿಂತ ನೀರಾಗ ಸೊಳ್ಳಿ ಹುಳ ಕುಣ್ಯಾಕತ್ತಾವಲ್ಲ, ಅವನ್ನ ಸೋಸಿ ಹಾಕು."

ಅತ್ತೆಯವರು ಅಡುಗೆಮನೆಯಿಂದ ಓಡಿಬಂದರು. "ಅಕ್ಕಾ, ಹಿಂಸಾ ಆಗ್ತದರಿ! ನಮ್ಮನಿ ಮೀನ ಹುಳ ತಿಂತಾವೇನು?"

"ಯಾಕ, ಮುಂಜಿವಿ ಮಾಡೀರೇನು ಇವಕ್ಕ?"

"ಮತ್ತ ನೀವೂ ಉಪಾಸ ಮಾಡ್ತೀರಲ್ಲರಿ..."

"ನನಗ ನಾಳೆ ಪಾರಣಿ ಅದ ಅಂತ ಗೊತ್ತಿರ್ತದ. ಅದಕ್ಕೇನು ಗೊತ್ತು ಪಾಪ? ನನ್ನನ್ನಂತೂ ಯಾರೂ ಕೇಳಿ ಉಪಾಸಕ್ಕ ಹಚ್ಚಲಿಲ್ಲ. ಅದನ್ನರ ಕೇಳ್ರಿ."

ಅದನ್ನು ನಗುತ್ತಲೇ ಹೇಳಿದರು. ಅತ್ತೆಯವರು ಮಾತ್ರ ನಗಲಿಲ್ಲ. ಅಡುಗೆಮನೆಗೆ ಮರಳಿ ಹೋದರು. ಆದರೂ ಹುಳಕ್ಕೆ ಅಪ್ಪಣೆ ಸಿಗಲಿಲ್ಲ.

ಅದೇ ವಾರ ಪುರಾಣ ಹೇಳುವ ವೃದ್ಧ ಆಚಾರ್ಯರೊಬ್ಬರು ಊಟಕ್ಕೆ ಬಂದರು. ಮಾವನವರು ಅವರನ್ನು ತೊಟ್ಟಿಯ ಮುಂದೆ ಕೂಡಿಸಿ ವಾದ ಮಂಡಿಸಿದರು. "ಆಚಾರ್ರ, ಇವು ಸಾತ್ವಿಕ ಮೀನ ನೋಡ್ರಿ. ಏಕಾದಶಿ ತಪ್ಪಂಗಿಲ್ಲ. ಬ್ಯಾಳಿ, ಸೊಪ್ಪು, ಅಷ್ಟಽ. ಸಂಸ್ಕಾರ ಅಂದ್ರ ಹಿಂಗ."

ಆಚಾರ್ಯರು ತಲೆದೂಗಿದರು. ಅವರು ತಲೆದೂಗುತ್ತಿದ್ದಾಗಲೇ ಎಲ್ಲಿಂದಲೋ ಒಂದು ನೊಣ ನೀರಿಗೆ ಬಿತ್ತು. ಹಿಂದೆ ವಾಲಿದ್ದ ಮೀನು, ಅತ್ತೆಯವರು ಕೈ ಮುಗಿದಿದ್ದ ಅದೇ ಮೀನು, ತಳದಿಂದ ಬಾಣದಂತೆ ಎದ್ದು ನೊಣವನ್ನು ಗುಳುಂ ಎನಿಸಿತು. ನೊಣದ ಒಂದು ರೆಕ್ಕೆ ಸ್ವಲ್ಪ ಹೊತ್ತು ಬಾಯಿಯ ಅಂಚಿನಲ್ಲಿತ್ತು.

ಬಾಗಿಲ ಮರೆಯಿಂದ ದೊಡ್ಡತ್ತೆಯ ದನಿ ಬಂತು: "ಪ್ರಾಣಾಹುತಿ ಆತು. ಇನ್ನ ಊಟಕ್ಕ ಏಳ್ರಿ."

ಆಚಾರ್ಯರಿಗೆ ಮೊದಲು ಕೆಮ್ಮು ಬಂತು. ಆಮೇಲೆ ಅದು ಕೆಮ್ಮಲ್ಲವೆಂದು ತಿಳಿಯಿತು. ಅವರ ಹೊಟ್ಟೆ ಕುಲುಕಾಡಿ, ಶಲ್ಯ ಜಾರಿ, ಕಣ್ಣಲ್ಲಿ ನೀರು ಸುರಿಯಿತು. ಅವರೇ ನಕ್ಕ ಮೇಲೆ ನಾವೂ ನಗಬಹುದಿತ್ತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದೆ.

ಆ ಸಂಜೆ ಅತ್ತೆಯವರು ನನ್ನ ಹತ್ತಿರ ಬಂದು, ಗೋಡೆಯ ಕಡೆ ನೋಡುತ್ತ ಹೇಳಿದರು: "ಆ ದೋಣಿ ನೀರಾಗ ಶ್ಯಾವಿಗಿ ಅದಾವಂತಲ್ಲ... ಅವನ್ನ ಹಾಕು. ನನಗ ತೋರಿಸಬ್ಯಾಡ."

ಅಂದಿನಿಂದ ನಮ್ಮ ಮನೆಯಲ್ಲಿ ಸೊಳ್ಳೆ ಹುಳಕ್ಕೆ ನೀರಿನ ಶ್ಯಾವಿಗೆ ಎಂದೇ ಹೆಸರು. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಹಾಕಿದರೆ ಮೀನುಗಳು ನೀರನ್ನು ಕಡೆದುಹಾಕುತ್ತಿದ್ದವು. ಸೊಪ್ಪು, ಬೇಳೆಯೂ ನಡುನಡುವೆ ಇದ್ದೇ ಇತ್ತು. ಸ್ವಲ್ಪ ದಿನಕ್ಕೆ ಅವುಗಳ ಮೈ ಮತ್ತೆ ಕೇಸರಿಯಾಯಿತು. ಏಕಾದಶಿ ಮಾತ್ರ ತಪ್ಪಲಿಲ್ಲ. ಅದನ್ನು ಬಿಡಿಸಲು ನಾನೂ ಹೋಗಲಿಲ್ಲ, ಅದು ಅವಕ್ಕೆ ಒಳ್ಳೆಯದೇ ಆಗಿತ್ತು.

ಮುಂದೆ ಗಲಾಟೆಯ ವರ್ಷ ಬಂತು. ನಿಜಾಮರ ರಾಜ್ಯ ಏನಾಗುತ್ತದೋ ಯಾರಿಗೂ ತಿಳಿಯದು; ಊರಲ್ಲಿ ಹೊತ್ತು ಮುಳುಗಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಮಾವನವರು ಹೆಂಗಸರನ್ನು ಮಾನ್ವಿಗೆ, ದೊಡ್ಡತ್ತೆಯ ಮನೆಗೆ ಕಳಿಸಿದರು. ಬಂಡಿಯಲ್ಲಿ ಬಂಗಾರಕ್ಕೂ ಪಾತ್ರೆಗಳಿಗೂ ಜಾಗ ಸಾಲದಿದ್ದಾಗ, ಮೀನಿನ ಕೊಡವನ್ನು ತೊಡೆಯ ಮೇಲಿಟ್ಟುಕೊಂಡವರು ಅತ್ತೆಯವರು. ದಾರಿಯುದ್ದಕ್ಕೂ, "ಸಾವಕಾಶ ಹೊಡಿಯಪ್ಪಾ, ತುಳಕ್ತದ," ಎಂದು ಬಂಡಿಯವನಿಗೆ ಹೇಳುತ್ತಲೇ ಇದ್ದರು.

ಗಾಜಿನ ತೊಟ್ಟಿ ರಾಯಚೂರಿನಲ್ಲೇ ಉಳಿದಿತ್ತು. ದೊಡ್ಡತ್ತೆ ಮೀನುಗಳನ್ನು ಬಟ್ಟೆ ಒಗೆಯಲು ಬಳಸುವ ಹಿತ್ತಲ ಬಾವಿಗೆ ಬಿಟ್ಟುಬಿಟ್ಟರು. ಅಲ್ಲಿ ಪಾಚಿ, ಹುಳ, ಬಿದ್ದ ನೊಣ, ಬೇವಿನ ಎಲೆಯ ಮೇಲಿನ ಇರುವೆ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಊರು ತಣ್ಣಗಾಗಿ ನಾವು ಹೊರಡುವ ಹೊತ್ತಿಗೆ ಅವು ಅಂಗೈ ಅಗಲ ಬೆಳೆದಿದ್ದವು. ಕರೆದೊಯ್ಯಲು ಬಂದ ಮಾವನವರು ಮೀನುಗಳನ್ನು ಮೇಲೆತ್ತಲೆಂದು ಬುಟ್ಟಿಯಲ್ಲಿ ಕೋಡಬಳೆ ಇಟ್ಟು ಬಾವಿಗೆ ಇಳಿಬಿಟ್ಟರು. ಒಂದೂ ಹತ್ತಿರ ಸುಳಿಯಲಿಲ್ಲ.

ಆಮೇಲೆ ಮಾನ್ವಿಗೆ ಹೋದಾಗಲೆಲ್ಲ ಅತ್ತೆಯವರು ಕಾಲು ತೊಳೆಯುವ ಮೊದಲೇ ಬಾವಿಗೆ ಹೋಗಿ, ಬೆಂದ ರಾಜಗಿರಿಯನ್ನು ಚೂರುಚೂರೇ ಉದುರಿಸುತ್ತ ಬಗ್ಗಿ ನಿಲ್ಲುತ್ತಿದ್ದರು. ಪಡಸಾಲೆಯಿಂದ ದೊಡ್ಡತ್ತೆ ಕೂಗುತ್ತಿದ್ದರು: "ಅವಕ್ಕ ಹೊಟ್ಟಿ ತುಂಬೇದ. ನೀ ಹಸದಿದ್ದಿ, ಒಳಗ ಬಾ."