ಕಾರಣ: ಕೂಸು

ಮಾಮ ಪುಟ ತಿರುಗಿಸುತ್ತಿದ್ದುದು ಕಿರುಬೆರಳಿನಲ್ಲಿ. ಮೂವತ್ತು ಚಿಲ್ಲರೆ ವರ್ಷ ನೀಲಗಿರಿಯ ಕುಂದಾ ಪವರ್‌ಹೌಸಿನಲ್ಲಿ ಕಬ್ಬಿಣ, ಗ್ರೀಸು, ಸ್ಪ್ಯಾನರ್‌ಗಳ ಜೊತೆ ಸವೆದ ಅವರ ತೋರುಬೆರಳು ಎಷ್ಟು ಗಡುಸಾಗಿತ್ತೆಂದರೆ, ಅದು ಮುಟ್ಟಿದ್ದು ಟ್ಯಾಬಿನ ಗಾಜಿಗೆ ತಿಳಿಯುತ್ತಲೇ ಇರಲಿಲ್ಲ. ಒಂದು ದಿನವೆಲ್ಲ ಒತ್ತಿ, ತಿಕ್ಕಿ, ಬೆರಳಿಗೆ ಬಾಯಿಂದ ಬಿಸಿಗಾಳಿ ಊದಿ ನೋಡಿದರು. ಆಮೇಲೆ ಒಂದೊಂದೇ ಬೆರಳನ್ನು ಪರೀಕ್ಷೆ ಮಾಡಿ, ಅಲ್ಲಿಯವರೆಗೆ ಕೆಲಸವಿಲ್ಲದೆ ಮೆತ್ತಗಿದ್ದ ಕಿರುಬೆರಳಿಗೆ ಆ ಕೆಲಸ ಒಪ್ಪಿಸಿದರು. ಹಣೆಯ ವಿಭೂತಿ ಗಾಜಿನ ಮೇಲೆ ಉದುರುತ್ತಿತ್ತು. ಪಂಚೆಯ ತುದಿಯಿಂದ ಒರೆಸಿ ಮತ್ತೆ ಕಿರುಬೆರಳು ಚಾಚುತ್ತಿದ್ದರು. ನೋಡಿದವರಿಗೆ ನಗು ಬರುತ್ತಿತ್ತು. ನಾನೂ ನಕ್ಕಿದ್ದೇನೆ.

ಅವರು ನನಗೆ ಸಂಬಂಧದ ಮಾಮ ಅಲ್ಲ. ಪವರ್‌ಹೌಸಿನ ಕ್ವಾರ್ಟರ್ಸ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅಪ್ಪನಿಗೂ ಅವರಿಗೂ ಒಂದೇ ಪಾಳಿ. ನಮ್ಮ ಮನೆಯ ಮಾತು ಬಡಗ, ಶಾಲೆಯದು ತಮಿಳು. ಕನ್ನಡದ ಅಕ್ಷರ ಅಂತ ನಾನು ನೋಡಿದ್ದು ಅವರ ಮನೆಯಲ್ಲೇ. ಅವರ ತಾಯಿ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದವರು, ಓದು ಅವರಿಗೆ ತಾಯಿಯಿಂದ ಬಂದದ್ದು. ಮಕ್ಕಳಿಲ್ಲದ ಅವರು ಅದನ್ನು ಗೋಡೆಯಾಚೆಯ ನನಗೆ ದಾಟಿಸಿದರು. ಈಗ ನಾನು ಬರೆಯುತ್ತಿರುವ ಈ ಅಕ್ಷರಗಳೂ ಅವರು ಕೈ ಹಿಡಿದು ತಿದ್ದಿಸಿದವು.

ತಿದ್ದಿದ್ದು ಸ್ಲೇಟಿನ ಮೇಲಲ್ಲ, ಹಳತಾಗಿ ಎಸೆಯಬೇಕಿದ್ದ ಲಾಗ್ ಶೀಟುಗಳ ಬೆನ್ನಿನ ಮೇಲೆ. ಹಾಳೆ ತಿರುಗಿಸಿದರೆ ಮಾಮನ ದುಂಡು ಬರಹ: ಯಂತ್ರ ನಿಂತ ಹೊತ್ತು, ಕಾರಣ, ಮತ್ತೆ ಶುರುವಾದ ಹೊತ್ತು. ಕೆಲವು ಸಾಲು ಕೆಂಪು ಶಾಯಿ, ಕೆಲವು ನೀಲಿ. ಯಾಕೆಂದು ಕೇಳಿದ್ದೆ. ಯಂತ್ರ ತಾನಾಗಿಯೇ ನಿಂತರೆ ಕೆಂಪು, ನಾವೇ ಬೇಕೆಂದು ನಿಲ್ಲಿಸಿದರೆ ನೀಲಿ ಎಂದಿದ್ದರು. ಆ ಹಾಳೆಗಳಿಂದ ನಾನು ಅ ಆ ಇ ಈ ಜೊತೆಗೆ ಅದನ್ನೂ ಕಲಿತೆ.

ಟರ್ಬೈನಿನ ಸದ್ದಿನಲ್ಲಿ ಅವರ ಕಿವಿ ಮಂದವಾಗಿತ್ತು. ಅತ್ತೆ ಅವರೊಡನೆ ಮಾತಾಡಿದರೆ ಎದುರು ಗುಡ್ಡದಲ್ಲಿ ಎಲೆ ಕೀಳುವವರಿಗೂ ಮನೆಯ ಸುದ್ದಿಯೆಲ್ಲ ತಿಳಿಯುತ್ತಿತ್ತು. ಆದರೆ ಫೋನಿನ ಗಂಟೆ ಮಾತ್ರ ಮಾಮನಿಗೆ ಎಲ್ಲಿದ್ದರೂ ಕೇಳುತ್ತಿತ್ತು. ಎರಡನೇ ಸಲ ಹೊಡೆದುಕೊಳ್ಳುವಷ್ಟರಲ್ಲಿ ಕೈ ಅಲ್ಲಿರುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಫೋನ್ ಬಂತೆಂದರೆ ಎಲ್ಲೋ ಲೈನ್ ಬಿದ್ದಿದೆ ಇಲ್ಲವೇ ಲೋಡ್ ಏರಿದೆ; ಎತ್ತದೆ ಕೂರುವ ಮಾತೇ ಇಲ್ಲ. ನಿವೃತ್ತರಾಗಿ ಮಂಜೂರು ಪೇಟೆಯ ಕೆಳಗೆ ಸಣ್ಣ ಮನೆ ಕಟ್ಟಿಸಿ, ಹಿತ್ತಿಲಿನ ಅರ್ಧ ಎಕರೆ ಟೀ ನೋಡಿಕೊಂಡಿದ್ದಾಗಲೂ ಈ ಅಭ್ಯಾಸ ಬಿಡಲಿಲ್ಲ.

ನಮ್ಮ ಬೆಟ್ಟದಲ್ಲಿ ಕನ್ನಡ ಪುಸ್ತಕ ಸಿಗುವುದು ಕಷ್ಟ. ವರ್ಷಕ್ಕೊಮ್ಮೆ ಮೈಸೂರಿಗೆ ಹೋದಾಗ ಮಾಮ ಒಂದು ಚೀಲ ತುಂಬ ತರುತ್ತಿದ್ದರು. ಕುಂದಾದ ಮಂಜಿಗೆ ಅವು ಬಾಳುತ್ತಿರಲಿಲ್ಲ. ಬೂಷ್ಟು ಹಿಡಿದು ಪುಟಕ್ಕೆ ಪುಟ ಅಂಟಿಕೊಳ್ಳುತ್ತಿತ್ತು. ಹಾಗೆ ಕೆಟ್ಟವುಗಳಲ್ಲಿ ಒಂದು ದಪ್ಪ ಕಾದಂಬರಿ, ಅಣ್ಣಂದಿರ ಜೊತೆ ಜಗಳವಾಡಿ ಊರು ಬಿಟ್ಟು ಹೋದ ಒಬ್ಬ ಹೆಣ್ಣಿನ ಕಥೆ. ಅರ್ಧ ಓದುವಷ್ಟರಲ್ಲಿ ಮಳೆಗಾಲ ಬಂದು ಮಿಕ್ಕರ್ಧ ಹಲಗೆಯಾಗಿಬಿಟ್ಟಿತು. ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಆ ಹೆಣ್ಣು ಕೊನೆಗೆ ಊರಿಗೆ ಬಂದಳೋ ಇಲ್ಲವೋ ಎಂಬ ಪ್ರಶ್ನೆ ಮಾಮನ ತಲೆಯಲ್ಲಿ ಎಷ್ಟೋ ವರ್ಷ ಹಾಗೇ ಉಳಿಯಿತು. ವಯಸ್ಸಾಗಿ ಉಬ್ಬಸ ಶುರುವಾದ ಮೇಲೆ, ಬೂಷ್ಟಿನ ಪುಸ್ತಕ ಮನೆಯಲ್ಲೇ ಇರಬಾರದೆಂದು ಡಾಕ್ಟರು ಹೇಳಿದರು. ಅವರು ಅಂದೇ ಪುಸ್ತಕದ ಪೆಟ್ಟಿಗೆ ಖಾಲಿ ಮಾಡಿದರು.

ಊಟಿಯ ಕಚೇರಿಯೊಂದರಲ್ಲಿ ನಾನು ಗುಮಾಸ್ತೆ. ಹೊಸ ಟ್ಯಾಬ್ ಕೊಂಡಾಗ ಹಳೆಯದನ್ನು, ಭಾರೀ ಉಪಕಾರ ಮಾಡುವವಳ ಹಾಗೆ, ಮಾಮನಿಗೆ ಕೊಟ್ಟೆ. ಪುಸ್ತಕ ಓದುವ ಆ್ಯಪ್ ಹಾಕಿದೆ. ಹುಡುಕಿದರೆ ಅದೇ ಕಾದಂಬರಿ ಸಿಕ್ಕಿತು. ಮುಖಪುಟ ಕಂಡಾಗ ಅವರು ಪಂಚೆಯ ತುದಿಯಿಂದ ಗಾಜನ್ನು ಇನ್ನೊಮ್ಮೆ ಒರೆಸಿದರು. ನಿಲ್ಲಿಸಿದ್ದ ಜಾಗ ತೆಗೆದುಕೊಡಲೇ ಎಂದರೆ ಬೇಡವೆಂದರು.

"ಮೊದಲಿಂದ್ಲೇ ಓದ್ತೀನಿ ಕೂಸೆ. ಅರ್ಧದಿಂದ ಹೋಗಿ ಮಾತಾಡ್ಸುದ್ರೆ ಆಯಮ್ಮಂಗೆ ಮರ್ಯಾದೆಯಲ್ಲ."

ಅವರ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕೇಬಲಿನವರು ಎಳೆದುಕೊಟ್ಟ ಇಂಟರ್‌ನೆಟ್ ಇತ್ತು. ಹಾಗಾಗಿ ನಾನು ಮಾಡುವ ಕರೆಯೆಲ್ಲ ಆ ಟ್ಯಾಬಿಗೇ. ಹದಿನೈದು ದಿನ ಕಳೆದು ನಾನು ಹೋದಾಗ ಮಾಮ ಒಂದು ದೂರು ಹೇಳಿದರು. ನಡುವೆ ಬೇರೆ ಏನಾದರೂ ತೆರೆದು ವಾಪಸ್ ಬಂದರೆ ಒಂದು ಚಕ್ರ ತಿರುಗುತ್ತದೆ, ಪುಸ್ತಕ ಹೋಗಿ ಮುಖಪುಟದಲ್ಲಿ ಕೂತುಬಿಡುತ್ತದೆ. ನಾನು ಬಹಳ ತಿಳಿದವಳ ಹಾಗೆ ವಿವರಿಸಿದೆ. ಇದು ಹಳೇ ಟ್ಯಾಬು, ಮೆಮೊರಿ ಕಡಿಮೆ. ಮುಂದೆ ಇನ್ನೊಂದು ತೆರೆದರೆ ಹಿಂದೆ ಇದ್ದ ಪುಸ್ತಕವನ್ನು ಕೈಬಿಡುತ್ತದೆ, ಆಮೇಲೆ ಹೊಸದಾಗಿ ತೆರೆಯುತ್ತದೆ. ಓದುವಾಗ ಬೇರೆ ಏನನ್ನೂ ಮುಟ್ಟಬೇಡಿ ಎಂದೆ.

"ಫೋನು ಬಂದ್ರೆ?"

"ಎತ್ಬೇಡಿ ಮಾಮ."

"ಗಂಟೆ ಹೊಡೀತಿದ್ರೆ ಎತ್ತದೆ ಕುಂತ್ಕಳಕ್ಕಾಯ್ತದಾ."

ಇಬ್ಬರೂ ನಕ್ಕೆವು. ಪುಟದ ಮೂಲೆ ಮುಟ್ಟಿದರೆ ಗುರುತು ಉಳಿಯುವ ಅನುಕೂಲ ಆ ಆ್ಯಪಿನಲ್ಲಿತ್ತು. ಕಲಿಸಲು ಎರಡು ನಿಮಿಷ ಸಾಕು. ಆ ದಿನ ಬಸ್ಸಿಗೆ ಹೊತ್ತಾಗಿತ್ತು, ಮುಂದಿನ ಸಲ ತೋರಿಸುತ್ತೇನೆ ಎಂದೆ. ಮುಂದಿನ ಸಲ ಮರೆತೆ. ಅದರ ಮುಂದಿನ ಸಲ ನೆನಪಾಯಿತು, ಆದರೆ ಅವರು ಕೇಳಲಿಲ್ಲವಲ್ಲ, ರೂಢಿಯಾಗಿರಬೇಕು ಎಂದು ಸುಮ್ಮನಾದೆ. ಎರಡನೇ ಸಲ ಕೇಳುವ ಪೈಕಿ ಅಲ್ಲ ಅವರು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕಚೇರಿಯಿಂದ ಬಂದು, ಆರೂವರೆಗೆ ಒಲೆಯ ಮೇಲೆ ಟೀಗೆ ಇಟ್ಟು, ಅದು ಕುದಿಯುವವರೆಗೆ ಮಾಮನಿಗೆ ಫೋನ್ ಮಾಡುವುದು ನನ್ನ ದಿನಚರಿ. ಹೇಳಲು ವಿಶೇಷವೇನೂ ಇರುತ್ತಿರಲಿಲ್ಲ. ಮೇಲಧಿಕಾರಿಯ ಮೇಲೆ ದೂರು, ಊಟಿಯ ಟ್ರಾಫಿಕ್ಕು, ಬರೆಯುವಾಗ ಎಡವಿದ ಒಂದು ಕನ್ನಡ ಪದ. ಮಾಮ ಪದದ ಅರ್ಥ ಹೇಳುತ್ತಿದ್ದರು, ಜೊತೆಗೆ ತಾಯಿ ಅದನ್ನು ಹೇಗೆ ಬಳಸುತ್ತಿದ್ದರು ಎಂದೂ ಹೇಳುತ್ತಿದ್ದರು. ಸಂಜೆ ಪೂಜೆ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರು ಓದಲು ಕೂರುವ ಹೊತ್ತೂ ಅದೇ ಎಂದು ನನಗೆ ಗೊತ್ತಿತ್ತು. ಏನು ಮಾಡ್ತಿದ್ರಿ ಮಾಮ ಎಂದರೆ ಒಂದೇ ಉತ್ತರ.

"ಸುಮ್ನೆ ಕುಂತಿದ್ದೆ ಕೂಸೆ."

ಅದನ್ನು ನಂಬುವುದು ನನಗೆ ಅನುಕೂಲವಾಗಿತ್ತು, ನಂಬಿದೆ.

ಕಳೆದ ಚಳಿಗಾಲದ ಒಂದು ಸಂಜೆ ಪದದ ಮಾತು ಮುಗಿದ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. ಹಾಗೆ ಕೇಳಿದ್ದು ಅದೇ ಮೊದಲು.

"ಆಯಮ್ಮ ಕೊನೇಗೆ ಊರಿಗೆ ಬತ್ತಳಾ ಕೂಸೆ?"

ಆ ಕಾದಂಬರಿಯನ್ನು ನಾನು ಅಷ್ಟರಲ್ಲಿ ಎರಡು ರಜಾದಿನಗಳಲ್ಲಿ ಓದಿ ಮುಗಿಸಿದ್ದೆ. ನನಗೆ ತುಂಟತನ. ಹೇಳೋದಿಲ್ಲ, ಹೇಳಿದರೆ ರುಚಿ ಹೋಗುತ್ತದೆ, ನೀವೇ ಓದಿ ಎಂದೆ. ಆಗಲಿ ಎಂದು ನಕ್ಕರು. ಇಷ್ಟು ತಿಂಗಳಾದರೂ ಯಾಕೆ ಮುಗಿದಿಲ್ಲ ಎಂದು ನಾನು ಕೇಳಬಹುದಿತ್ತು. ಟೀ ಉಕ್ಕಿತು, ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಉಸಿರು ಸಿಗದೆ ಅವರನ್ನು ಕೊಯಮತ್ತೂರಿನ ಆಸ್ಪತ್ರೆಗೆ ಇಳಿಸಿದರು. ಒಂಬತ್ತು ದಿನ ಇದ್ದರು. ನಾನು ಎರಡು ಸಲ ಹೋಗಿ ಬಂದೆ. ಮುಖದ ಮೇಲೆ ಆಮ್ಲಜನಕದ ಮಾಸ್ಕು, ಮಾತು ಇರಲಿಲ್ಲ. ಮಂಚದ ಪಕ್ಕ ಕೂತು ಔಷಧಿಯ ಬಗ್ಗೆ, ಹಿತ್ತಿಲಿನ ಟೀ ಎಲೆ ಕೀಳಿಸಿದ ಬಗ್ಗೆ, ಬೆಟ್ಟದ ಚಳಿಯ ಬಗ್ಗೆ ಕಿವಿಯ ಹತ್ತಿರ ಜೋರಾಗಿ ಹೇಳಿದೆ. ಹೇಳಬೇಕಿದ್ದ ಒಂದು ಮಾತು ನೆನಪಿಗೇ ಬರಲಿಲ್ಲ. ಹತ್ತನೆಯ ದಿನ ಅವರು ಇರಲಿಲ್ಲ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತೆ ಒಂದು ಕಟ್ಟು ತಂದು ನನ್ನ ಮುಂದಿಟ್ಟರು. ಅವರು ಓದಿದ್ದು ತಮಿಳು, ಇದರಲ್ಲೇನಿದೆ ನೋಡು ಎಂದರು. ಹಳೇ ಕ್ಯಾಲೆಂಡರಿನ ಹಾಳೆಗಳು. ಬೆನ್ನಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಅಂಕಣ ಮಾಡಿದ್ದರು: ನಿಂತ ಹೊತ್ತು, ಕಾರಣ, ಮತ್ತೆ ಶುರುವಾದ ಹೊತ್ತು. ಪುಸ್ತಕದ ಲಾಗ್ ಶೀಟು. ಪವರ್‌ಹೌಸಿನ ಹಾಳೆಯಲ್ಲಿಲ್ಲದ ನಾಲ್ಕನೇ ಅಂಕಣವೊಂದರಲ್ಲಿ, ನಿಂತಾಗ ಓದುತ್ತಿದ್ದ ಸಾಲನ್ನು ನೆನಪಿನಿಂದ ಬರೆದಿಟ್ಟಿದ್ದರು. ಮುಖಪುಟದಿಂದ ಒಂದೊಂದೇ ಪುಟ ಕಿರುಬೆರಳಲ್ಲಿ ತಿರುಗಿಸುತ್ತಾ ಹೋಗಿ, ಆ ಸಾಲು ಸಿಕ್ಕಲ್ಲಿಂದ ಮುಂದುವರಿಯಲು. ಅದಕ್ಕೆ ಒಂದು ದಿನ ಅರ್ಧ ಗಂಟೆ, ಕಥೆ ಮುಂದೆ ಹೋದ ಹಾಗೆ ಒಂದು ಗಂಟೆ, ಅದಕ್ಕೂ ಮೇಲೆ.

ಕೆಲವು ಸಾಲು ಕೆಂಪು. ಕಾರಣ: ಕರೆಂಟು. ಕಾರಣ: ತಾನಾಗಿ. ಮಿಕ್ಕವೆಲ್ಲ ನೀಲಿ. 6.30, ಕಾರಣ: ಕೂಸು. 6.35, ಕಾರಣ: ಕೂಸು. ಹಾಳೆ ತಿರುಗಿಸಿದರೆ ಮತ್ತೆ ಕೂಸು. ನೀಲಿ ಶಾಯಿ ಎಂದರೆ ಏನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಕೂಸಿಗೆ ಹೇಳಿ, ಬ್ಯಾರೆ ಹೊತ್ನಲ್ಲಿ ಮಾಡ್ಲಿ ಅಂತಿದ್ದೆ," ಎಂದರು ಅತ್ತೆ. "ಹೇಳುದ್ರೆ ಮಾಡೋದೇ ಬುಟ್ಬುಡ್ತಳೆ, ಬ್ಯಾಡ ಅಂದ್ರು."

ಕಟ್ಟಿನ ಕೊನೆಯ ಹಾಳೆಯ ಕೊನೆಯ ಸಾಲು ಆ ಚಳಿಯ ಸಂಜೆಯದು. 6.35, ಕಾರಣ: ಕೂಸು. ಮತ್ತೆ ಶುರುವಾದ ಹೊತ್ತು ಎಂಬಲ್ಲಿ ಏನೂ ಬರೆದಿರಲಿಲ್ಲ.

ಅತ್ತೆ ಹಾಳೆಗಳನ್ನು ಮಡಿಸುತ್ತಾ ಕೂತಿದ್ದರು. ಕಿವಿ ಮಂದವಾದವರು ಜೋರಾಗಿಯೇ ಓದುತ್ತಾರೆ. ಅಡುಗೆಮನೆಯಲ್ಲಿದ್ದುಕೊಂಡೇ ಅತ್ತೆ ಅಷ್ಟೂ ಕಥೆ ಕೇಳಿಸಿಕೊಂಡಿದ್ದರು. ಕೊನೆಯ ಹಾಳೆ ಮಡಿಸಿಟ್ಟು, ಆ ಹೆಣ್ಣು ಊರಿಗೆ ಬಂದಳಾ ಎಂದು ಕೇಳಿದರು. ಈ ಸಲ ನಾನು ತಡಮಾಡಲಿಲ್ಲ. ಬರುತ್ತಾಳೆ ಅತ್ತೆ, ಕೊನೇ ಪುಟದಲ್ಲಿ ಬರುತ್ತಾಳೆ ಎಂದೆ.

ಅತ್ತೆ ತಲೆಯಾಡಿಸಿದರು. ಆಮೇಲೆ ಕಿಟಕಿಯ ಪಕ್ಕದ ಕುರ್ಚಿಯ ಕಡೆ ತಿರುಗಿ, ಎದುರು ಗುಡ್ಡಕ್ಕೆ ಕೇಳಿಸುವ ಆ ಹಳೆಯ ದನಿಯಲ್ಲಿ ಹೇಳಿದರು:

"ಕೇಳ್ತಾ? ಬಂದ್ಳಂತೆ."