ಕಿಟಕಿಯ ಕೆಳಗಿನ ಗಾಡಿ

ಬಿಸಿಯಜ್ಜನಿಗೆ ಆ ಹೆಸರು ಬಂದದ್ದು ಸಿಟ್ಟಿನಿಂದಲ್ಲ, ಸಿಟ್ಟೇನೂ ಕಡಿಮೆಯಿರಲಿಲ್ಲ ಅನ್ನುವುದು ಬೇರೆ ಮಾತು. ತಣ್ಣಗಿರುವ ಇಂಜಿನ್ ಓಡಿಸುವುದೆಂದರೆ ಮಲಗಿದವನನ್ನು ಎಬ್ಬಿಸಿ ಮೂಟೆ ಹೊರಿಸಿದ ಹಾಗೆ ಎಂದು ನಂಬಿದ ಡ್ರೈವರ್ ಆತ. ದಿನಾ ಬೆಳಗ್ಗೆ ತನ್ನ ಹಳೇ ಡೀಸೆಲ್ ವ್ಯಾನ್ ಚಾಲೂ ಮಾಡಿ, ಅದು ಬಿಸಿಯಾಗುವವರೆಗೆ ಗಾಜು ಒರೆಸುತ್ತಾ ನಿಲ್ಲುತ್ತಿದ್ದ. ಮೊಮ್ಮಗಳಿಗೆ ಉಬ್ಬಸ ಶುರುವಾದ ಮೇಲಂತೂ ವ್ಯಾನನ್ನು ಅವಳ ಕಿಟಕಿಯ ಕೆಳಗೇ ತಂದು ನಿಲ್ಲಿಸಿಕೊಂಡ. ಬೆಳಗಿನ ಹೊತ್ತೇ ಅವಳಿಗೆ ಉಬ್ಬಸ ಜಾಸ್ತಿ. ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಗಾಡಿ ಸಿದ್ಧವಿರಬೇಕಲ್ಲ!

"ಮಗೂನ ಹೊಗೆಯಿಂದ ದೂರ ಇಡಿ" ಎಂದರು ಡಾಕ್ಟರು. ಅಜ್ಜ ನೆಟ್ಟಗೆ ಹೋಗಿ ಎದುರಿನ ಬೇಕರಿಯವನ ಮೇಲೆ ಹರಿಹಾಯ್ದ.

"ನಿನ್ನ ಒಲೆ ನನ್ನ ಕೂಸಿನ ಜೀವ ತೆಗೀತಿದೆ ಕಣೋ!"

ಪಾಪ, ಬೇಕರಿಯವ ಚಿಮಣಿ ಎತ್ತರಿಸಿದ. ಉಬ್ಬಸ ಇಳಿಯಲಿಲ್ಲ. ಬೀದಿ ಮೂಲೆಯಲ್ಲಿ ಕಸ ಸುಡುವವರಿಗೂ ಮಂಗಳಾರತಿಯಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಿತ್ತು ಅಜ್ಜನ ಕಥೆ.

ಒಂದು ಬೆಳಗ್ಗೆ ಕನ್ನಡಕ ಮರೆತದ್ದು ನೆನಪಾಗಿ, ಇಂಜಿನ್ ಆರಿಸದೆಯೇ ಮಹಡಿ ಹತ್ತಿದ. ಆ ಹೊತ್ತಿನಲ್ಲಿ ಅವನು ಮೊಮ್ಮಗಳ ಕೋಣೆಗೆ ಕಾಲಿಟ್ಟವನೇ ಅಲ್ಲ, ಸದಾ ಗಾಡಿಯ ಪಕ್ಕದಲ್ಲೇ. ಅಂದು ಒಳಗಿನಿಂದ ಏದುಸಿರು ಕೇಳಿ ಬಾಗಿಲು ತಳ್ಳಿದ. ತೆರೆದ ಕಿಟಕಿಯಿಂದ ನೀಲಿ ಹೊಗೆ ಒಳಗೆ ಬರುತ್ತಿತ್ತು. ಸರಳು ಹಿಡಿದು ಕೂತ ಮಗುವಿನ ಭುಜ ಎದ್ದೆದ್ದು ಬೀಳುತ್ತಿತ್ತು, ಗಂಟಲ ಕುಳಿ ಒಳಕ್ಕೆ ಸೆಳೆಯುತ್ತಿತ್ತು.

"ಯಾರೇ ಕಿಟಕಿ ತೆಗ್ದಿದ್ದು?"

"ನಾನೇ... ಅಜ್ಜ. ದಿನಾ ತೆಗೀತೀನಿ. ಉಸಿರು ಕಟ್ಟಿದಾಗ... ಗಾಡಿ ಸದ್ದು ಕೇಳಿದ್ರೆ... ನೀನಿದ್ದೀಯ ಅಂತ... ಧೈರ್ಯ."

ಅಜ್ಜನ ಮಗಳು, ಕೂಸಿನ ತಾಯಿ, ಉಬ್ಬಸದ ಪಂಪು ಹಿಡಿದು ಓಡಿಬಂದಳು. ಅಜ್ಜ ಕಿಟಕಿ ಎಳೆದು ಮುಚ್ಚಿದ. ಅಂಗೈಗೆಲ್ಲ ಮಸಿ ಮೆತ್ತಿತು. ಅದು ಒಲೆಯ ಮಸಿಯಲ್ಲ, ಡೀಸೆಲ್ಲಿನದು. ನಲವತ್ತು ವರ್ಷ ಆ ವಾಸನೆಯಲ್ಲೇ ಅನ್ನ ದುಡಿದವನಿಗೆ ಯಾರೂ ಹೇಳಬೇಕಿರಲಿಲ್ಲ. ಕೆಳಗೋಡಿ ಇಂಜಿನ್ ಆರಿಸಿದ. ಮೇಲೆ ಮಗುವಿನ ಉಸಿರು ಹದಕ್ಕೆ ಬಂತು.

ಮರುದಿನ ಅಜ್ಜ ವ್ಯಾನನ್ನು ಬೀದಿ ತುದಿಗೆ ತಳ್ಳಿಕೊಂಡು ಹೊರಟಿದ್ದ.

"ಕೆಟ್ಟೋಯ್ತಾ ಅಜ್ಜ?" ಎಂದ ಬೇಕರಿಯವ.

"ನಿನ್ನ ಒಲೆ ಅಲ್ಲ ಕಣೋ," ಅಜ್ಜ ತಲೆ ಎತ್ತಲಿಲ್ಲ. "ದಿನಾ ನಾನೇ... ನನ್ನ ಕೈಯಾರೆ."

ಬೇಕರಿಯವ ಹಿಂದಿನಿಂದ ಹೆಗಲು ಕೊಟ್ಟ. ಮೇಲೆ, ಮುಚ್ಚಿದ ಗಾಜಿಗೆ ಮೂಗೊತ್ತಿ ಮೊಮ್ಮಗಳು ಗಾಡಿಯ ಸದ್ದಿಗೆ ಕಾಯುತ್ತಿದ್ದಳು.

"ಇಲ್ಲೇ ಇದ್ದೀನಿ ಕಣೇ ಪುಟ್ಟೀ!" ಅಜ್ಜ ಕೂಗಿದ. ಬೀದಿಯನ್ನೆಲ್ಲ ಹೆದರಿಸುತ್ತಿದ್ದ ಗಂಟಲು ಅರ್ಧಕ್ಕೇ ಒಡೆಯಿತು. ಗಾಜಿನಾಚೆಗೆ ಅದು ಕೇಳಿಸಿತೋ ಇಲ್ಲವೋ ಎಂದು ಮತ್ತೆ ಕೂಗಿದ.